ತೋಳಿನ ಬಾವೂ ಡಬ್ಬಿಯ ಪುಡಿಯೂ

(ಮಣಿನಗರದ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ದುಡಿದು ನಿವೃತ್ತನಾದವನು. ಇಂದು ಮಾತನಾಡಲು ಒಪ್ಪಿದ್ದಕ್ಕೆ ಕಾರಣವುಂಟು. ನಮ್ಮ ಕಡೆಯ ಇಬ್ಬರು ತರುಣರು ಒಂದೇ ಕೊಠಡಿಯಲ್ಲಿದ್ದರು. ಜೊತೆಗಿದ್ದ ಮೂರನೆಯವನಿಗೆ ಕ್ಷಯವೆಂದು ತಿಳಿದಾಗ ಇವರಿಗೂ ತೋಳಿನ ಪರೀಕ್ಷೆ ಮಾಡಿದರು. ಗುಮಾಸ್ತನ ತೋಳು 16 ಮಿಲಿಮೀಟರು ಬಾತಿತು. ಹೋಟೆಲಿನಲ್ಲಿ ದುಡಿಯುವವನ ತೋಳಿನಲ್ಲಿ ಏನೂ ಏಳಲಿಲ್ಲ. ಗುಮಾಸ್ತನು ಹೆದರಿ, ಊರಿನಲ್ಲಿ ಗೊತ್ತಾಗಿದ್ದ ಮದುವೆಯನ್ನು ಬೇಡವೆಂದು ಕಾಗದ ಬರೆದ. ಸಂಬಳದ ಬಹುಪಾಲನ್ನು ಪ್ರೋಟೀನ್ ಪುಡಿಗೂ ವಿಟಮಿನ್ ಗುಳಿಗೆಗೂ ಸುರಿದ. ಹೋಟೆಲಿನವನು ನಿಶ್ಚಿಂತನಾಗಿ, ಮೂರು ವಾರದ ಕೆಮ್ಮನ್ನೂ ಲೆಕ್ಕಿಸದೆ ದುಡಿಯುತ್ತಲೇ ಇದ್ದ. ಇಬ್ಬರೂ ತಪ್ಪಿದ್ದರು.

ಈ ಪರೀಕ್ಷೆ ಎಂದರೇನು? 1890ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಗಳಿಂದ ಟ್ಯುಬರ್ಕುಲಿನ್ ಎಂಬ ದ್ರವವನ್ನು ತೆಗೆದರು. ಅದು ಮದ್ದಾಗಲೆಂಬುದು ಅವರ ಆಸೆ, ಮದ್ದಾಗಲಿಲ್ಲ, ಪರೀಕ್ಷೆಯಾಯಿತು. ಚರ್ಮದೊಳಕ್ಕೆ ಸೂಜಿಯಿಂದ ಒಂದು ಹನಿಯಷ್ಟನ್ನು ಹಾಕುವ ಇಂದಿನ ಕ್ರಮ ಫ್ರಾನ್ಸಿನ ಮಾಂಟೂ ಅವರದು. ಎರಡು ಮೂರು ದಿನಗಳ ಮೇಲೆ ಅಳೆಯಬೇಕು. ಅಳೆಯಬೇಕಾದುದು ಕೆಂಪನ್ನಲ್ಲ, ಕೈಗೆ ಗಟ್ಟಿಯಾಗಿ ಸಿಗುವ ಬಾವನ್ನು. ಸಾಮಾನ್ಯವಾಗಿ 10 ಮಿಲಿಮೀಟರಿಗೆ ಮೇಲ್ಪಟ್ಟರೆ ಕ್ರಿಮಿಯ ಪರಿಚಯ ದೇಹಕ್ಕೆ ಇದೆಯೆಂದು ತಿಳಿಯುತ್ತಾರೆ.

ಪರಿಚಯವೇ ಹೊರತು ರೋಗವಲ್ಲ! ಕ್ರಿಮಿ ಒಳಹೊಕ್ಕವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಜೀವಮಾನದಲ್ಲಿ ರೋಗವೇ ಬಾರದು. ಬಾಲ್ಯದಲ್ಲಿ ಹಾಕಿದ ಬಿ.ಸಿ.ಜಿ. ಚುಚ್ಚುಮದ್ದಿನಿಂದಲೂ ತೋಳು ಬಾಯಬಹುದು. ಮಣ್ಣು ನೀರಿನಲ್ಲಿರುವ, ಕ್ಷಯದ ಕ್ರಿಮಿಗೆ ದಾಯಾದಿಗಳಂತಿರುವ ಬೇರೆ ಕ್ರಿಮಿಗಳಿಂದಲೂ ಬಾಯಬಹುದು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಆರಂಭವಾದ ದೊಡ್ಡ ಬಿ.ಸಿ.ಜಿ. ಪ್ರಯೋಗದಲ್ಲಿ ಇಂಥ ಬಾವು ಬಹಳ ಜನರಲ್ಲಿ ಕಂಡಿತು.

ಇನ್ನು ಏನೂ ಏಳದ ತೋಳು. ದೇಹ ಬಹಳ ಸೊರಗಿದ್ದರೆ, ಆಗತಾನೆ ದಡಾರ ಬಂದಿದ್ದರೆ, ಎಚ್.ಐ.ವಿ. ಇದ್ದರೆ, ಸ್ಟೀರಾಯ್ಡ್ ಸೇವಿಸುತ್ತಿದ್ದರೆ ತೋಳು ಸುಮ್ಮನಿರುತ್ತದೆ. ಕ್ಷಯವೇ ಬಲಿತಾಗಲೂ ಹೀಗಾಗುವುದುಂಟು. ನಮ್ಮ ಹೋಟೆಲಿನವನು ಮಂಡಿನೋವಿಗೆಂದು ಹೆಸರಿಲ್ಲದ ಪೊಟ್ಟಣದ ಪುಡಿಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದ. ಇಂಥ ಪುಡಿಗಳಲ್ಲಿ ಕೆಲವೊಮ್ಮೆ ಸ್ಟೀರಾಯ್ಡ್ ಬೆರೆತಿರುತ್ತದೆ. ನೋವು ತಟ್ಟನೆ ಇಳಿಯುತ್ತದೆ, ದೇಹದ ಕಾವಲೂ ಇಳಿಯುತ್ತದೆ. ವೈದ್ಯರ ಅನುಮಾನವೂ ಅದೇ ಆಗಿತ್ತು. ಕಫ ನೋಡಿದಾಗ ಕ್ರಿಮಿಗಳಿದ್ದವು.

ಅಂಗಡಿಯ ವಿಟಮಿನ್ನುಗಳ ಮಾತೇನು? ಅವು ತೋಳಿನ ಬಾವನ್ನು ಇಳಿಸಲಾರವು, ಒಳಗಿನ ಕ್ರಿಮಿಯನ್ನು ಕೊಲ್ಲಲಾರವು. ಮಂಗೋಲಿಯದಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಶಾಲಾಮಕ್ಕಳನ್ನು ಆರಿಸಿ, ಅರ್ಧದಷ್ಟು ಮಂದಿಗೆ ಮೂರು ವರ್ಷ ವಿಟಮಿನ್ ಡಿ ಕೊಟ್ಟರು. ಕ್ಷಯದ ಸೋಂಕು ಕಡಿಮೆಯಾಗಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಆದರೆ ಊಟದ ಮಾತು ಬೇರೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವ ಮತ್ತು ಸಂಗಡಿಗರು 2019ರಿಂದ ಝಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಯವರಿಗೆ, ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಗುಳಿಗೆ ಕೊಟ್ಟು ನೋಡಿದರು. ಕೊಡದ ಮನೆಗಳಿಗಿಂತ ಅಲ್ಲಿ ಕ್ಷಯ ನೂರಕ್ಕೆ 39ರಷ್ಟು ಕಡಿಮೆಯಾಯಿತು. ಅಕ್ಕಿ ಬೇಳೆಯ ಬೆಲೆ ಡಬ್ಬಿಯ ಬೆಲೆಗಿಂತ ಎಷ್ಟು ಕಡಿಮೆಯೆಂದು ನಿಮಗೇ ಗೊತ್ತು.

ಹಾಗಾದರೆ ಮಾಡಬೇಕಾದುದೇನು? ತೋಳು ಬಾತರೂ ಬಾಯದಿದ್ದರೂ, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಕಂಡರೆ ಕಫ ಪರೀಕ್ಷೆ, ಎಕ್ಸರೇ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಧರ್ಮಾರ್ಥ. ರೋಗಿಯ ಊಟಕ್ಕೆಂದು ಸರಕಾರ ಕೊಡುವ ತಿಂಗಳ ಹಣವನ್ನು 2024ರ ನವೆಂಬರಿನಿಂದ 500 ರೂಪಾಯಿಯಿಂದ 1,000ಕ್ಕೆ ಏರಿಸಿದೆ. ನುಂಗುತ್ತಿರುವ ಪುಡಿ, ಗುಳಿಗೆ, ಕಷಾಯ ಎಲ್ಲವನ್ನೂ ವೈದ್ಯರ ಮುಂದಿಡಿ, ಸಂಕೋಚ ಬೇಡ. ಸ್ಟೀರಾಯ್ಡ್ ಇದ್ದೀತೆಂದು ತಿಳಿದರೆ ಅವರನ್ನು ಕೇಳಿಯೇ ಬಿಡಿ. ತಟ್ಟನೆ ಬಿಡುವುದೂ ಅಪಾಯ.

ಹೋಟೆಲಿನವನು ಆರು ತಿಂಗಳ ಔಷಧ ಮುಗಿಸಿ ಕೆಲಸಕ್ಕೆ ಮರಳಿದ್ದಾನೆ. ಗುಮಾಸ್ತನ ಎಕ್ಸರೇ ಶುದ್ಧವಾಗಿತ್ತು; ಮುಂದೆ ರೋಗ ಬಾರದಂತೆ ತಡೆಯುವ ಗುಳಿಗೆಗಳನ್ನು ಮಾತ್ರ ಕೊಟ್ಟರು. ಅವನ ಕಾಗದ ಪುಣ್ಯಕ್ಕೆ ಇನ್ನೂ ಅಂಚೆಗೆ ಬಿದ್ದಿರಲಿಲ್ಲ. ಮದುವೆಯೂಟಕ್ಕೆ ನನ್ನನ್ನೂ ಕರೆದಿದ್ದಾನೆ.