ಒಂಟಿಯಾದಾಗ ಹೆದರುವ ನಾಯಿ



ನಾಯಿ ಸಾಕಿದ ಮನೆಗಳಿಂದ ಒಂದು ದೂರು ಆಗಾಗ ಕೇಳಿಬರುತ್ತದೆ. ಮನೆಮಂದಿ ಜೊತೆಯಲ್ಲಿರುವಷ್ಟು ಹೊತ್ತು ಸಾಧುವಾಗಿರುವ ನಾಯಿ, ಬಾಗಿಲಿಗೆ ಬೀಗ ಬಿದ್ದ ಕೂಡಲೇ ಬೇರೆಯೇ ಪ್ರಾಣಿಯಾಗುತ್ತದೆ. ಎಡೆಬಿಡದೆ ಊಳಿಡುತ್ತದೆ. ಬಾಗಿಲಿನ ಚೌಕಟ್ಟನ್ನು ಕೆರೆದು ಸಿಬಿರೆಬ್ಬಿಸುತ್ತದೆ. ಎಂದೂ ಮನೆಯೊಳಗೆ ಗಲೀಜು ಮಾಡದ ನಾಯಿ ಹಜಾರದಲ್ಲೇ ಮೂತ್ರ ಮಾಡುತ್ತದೆ. ಪಕ್ಕದ ಮನೆಯವರು ಬಂದು ಹೇಳಿ ಹೋಗುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರು ಎಚ್ಚರಿಕೆ ಕೊಡುತ್ತಾರೆ. ಕೊನೆಗೊಂದು ಸಂಜೆ ಮನೆಯಲ್ಲಿ ಮೂರು ಅಭಿಪ್ರಾಯಗಳು ಹೊರಡುತ್ತವೆ. ಯಾರಿಗಾದರೂ ಕೊಟ್ಟುಬಿಡೋಣ ಎಂಬುದು ಒಂದು. ನಾಲ್ಕು ಏಟು ಬಿದ್ದರೆ ಸರಿಹೋಗುತ್ತದೆ ಎಂಬುದು ಇನ್ನೊಂದು. ಡಾಕ್ಟರು ಯಾವುದೋ ಮಾತ್ರೆ ಇದೆ ಎಂದರು, ಕೊಟ್ಟು ನೋಡೋಣವೇ ಎಂಬುದು ಮತ್ತೊಂದು.

ಈ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುವುದು ಇಂದಿನ ಮಾತಿನ ಉದ್ದೇಶ. ಅದಕ್ಕೆ ಮೊದಲು ಆ ನಾಯಿಗೆ ಆಗುತ್ತಿರುವುದೇನು ಎಂದು ತಿಳಿಯಬೇಕು. ಪಶುವೈದ್ಯರು ಇದನ್ನು ಸೆಪರೇಷನ್ ಆಂಗ್ಸೈಟಿ, ಅಂದರೆ ಅಗಲಿಕೆಯ ಆತಂಕ ಎನ್ನುತ್ತಾರೆ. ಇದು ತುಂಟತನವಲ್ಲ, ಹಟವಲ್ಲ, ಬಿಟ್ಟುಹೋದಿರೆಂಬ ಸೇಡೂ ಅಲ್ಲ. ಇದು ದಿಗಿಲು. ಆಗ ಎದೆಬಡಿತ ಏರುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಉಸಿರು ವೇಗವಾಗುತ್ತದೆ, ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

"ಹಾಗಾದರೆ ನಾವು ಬಂದ ಕೂಡಲೇ ತಲೆ ತಗ್ಗಿಸಿ, ಕಿವಿ ಮಡಚಿ, ಬಾಲ ಒಳಗೆ ಸೇರಿಸಿಕೊಂಡು ನಿಲ್ಲುತ್ತದಲ್ಲ, ಅದಕ್ಕೆ ತನ್ನ ತಪ್ಪು ಗೊತ್ತಿದೆ ಎಂದಲ್ಲವೇ?" ಎಂದು ನೀವು ಕೇಳಬಹುದು. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ತಿನ್ನಬಾರದೆಂದು ಹೇಳಿಟ್ಟ ತಿಂಡಿಯನ್ನು ಕೆಲವು ನಾಯಿಗಳು ತಿಂದವು, ಕೆಲವು ತಿನ್ನಲಿಲ್ಲ. ಯಾವುದು ತಿಂದಿದೆ ಎಂಬ ವಿಷಯದಲ್ಲಿ ಯಜಮಾನರಿಗೆ ಕೆಲವೊಮ್ಮೆ ಬೇಕೆಂದೇ ಸುಳ್ಳು ಹೇಳಲಾಯಿತು. ಕಂಡದ್ದೇನೆಂದರೆ, ಆ 'ತಪ್ಪಿತಸ್ಥ ಮುಖ'ಕ್ಕೂ ನಾಯಿ ಮಾಡಿದ ಕೆಲಸಕ್ಕೂ ಸಂಬಂಧವಿರಲಿಲ್ಲ. ಯಜಮಾನ ಗದರಿದಾಗ ಅದು ಹೆಚ್ಚಾಗಿ ಕಾಣಿಸಿಕೊಂಡಿತು. ಏನೂ ತಿನ್ನದ ನಾಯಿ ಕೂಡ ಬೈಗುಳ ಬಿದ್ದಾಗ ಹಾಗೇ ನಿಂತಿತು. ಎಂದರೆ ಅದು ಪಶ್ಚಾತ್ತಾಪವಲ್ಲ, ಎದುರಿಗಿರುವ ಸಿಟ್ಟನ್ನು ಶಮನಗೊಳಿಸುವ ಪ್ರಯತ್ನ. ಮೂರು ಗಂಟೆಯ ಹಿಂದೆ ಹರಿದ ದಿಂಬಿಗೆ ಈಗ ಏಟು ಕೊಟ್ಟರೆ ನಾಯಿ ಕಲಿಯುವುದು ಒಂದೇ ಪಾಠ: ಇವರು ಹೋಗುವುದೂ ಭಯ, ಬರುವುದೂ ಭಯ. ಏಟಿನ ಸಲಹೆಯನ್ನು ಇಲ್ಲಿಗೆ ಬಿಡೋಣ.

ಇಷ್ಟೊಂದು ನಂಟು ಏಕೆ? ನಾಯಿ ಮನುಷ್ಯನ ಜೊತೆ ಬದುಕಲಾರಂಭಿಸಿ ಕನಿಷ್ಠ 15 ಸಾವಿರ ವರ್ಷಗಳಾದುವೆಂದು ತಜ್ಞರ ಅಂದಾಜು. ನಮ್ಮ ನಾಡಿನಲ್ಲೇ ಈ ನಂಟಿಗೆ ಕಲ್ಲಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ, ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೆರನೆಂಬ ವೀರ ತನ್ನ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದದ್ದನ್ನೂ, ಆ ನಾಯಿ ಕಾಡುಹಂದಿಯೊಡನೆ ಕಾದಿ ಮಡಿದದ್ದನ್ನೂ ಹೇಳುತ್ತದೆ. ಅದು ಮನುಷ್ಯನ ಕಡೆಯ ಪ್ರೀತಿಯಾಯಿತು. ನಾಯಿಯ ಕಡೆಯದನ್ನು ಅಳೆದು ನೋಡಿದವರು ಹಂಗೆರಿಯ ಬುಡಾಪೆಸ್ಟ್ ನಗರದ ಸಂಶೋಧಕರು. ತಾಯಿ ಮಗುವಿನ ನಂಟನ್ನು ಅರಿಯಲು ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪರೀಕ್ಷೆ ರೂಪಿಸಿದ್ದರು. ಅಪರಿಚಿತ ಕೋಣೆ, ತಾಯಿ ಸ್ವಲ್ಪ ಹೊತ್ತು ಎದ್ದುಹೋಗುತ್ತಾಳೆ, ಅಪರಿಚಿತರೊಬ್ಬರು ಬರುತ್ತಾರೆ, ತಾಯಿ ಮರಳುತ್ತಾಳೆ. ಅದೇ ಪರೀಕ್ಷೆಯನ್ನು ಬುಡಾಪೆಸ್ಟಿನವರು 51 ನಾಯಿಗಳಿಗೂ ಅವುಗಳ ಯಜಮಾನರಿಗೂ ಅನ್ವಯಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಜಮಾನ ಇದ್ದಾಗ ನಾಯಿ ಧೈರ್ಯವಾಗಿ ಕೋಣೆ ಸುತ್ತಿತು, ಆಡಿತು. ಆತ ಹೋದಾಗ ಬಾಗಿಲ ಬಳಿ ನಿಂತಿತು. ಚಿಕ್ಕ ಮಗುವಿನ ವರ್ತನೆಯನ್ನು ಇದು ಬಹುಮಟ್ಟಿಗೆ ಹೋಲುತ್ತಿತ್ತು.

ಈ ನಂಟು ಎಲ್ಲ ನಾಯಿಗಳಲ್ಲೂ ಕಾಯಿಲೆಯಾಗುವುದಿಲ್ಲ. ಹಳ್ಳಿಮನೆಯ ನಾಯಿಗೆ ಜಗಲಿ ಇದೆ, ಬೀದಿ ಇದೆ, ಹೊಲಕ್ಕೆ ಹೋಗುವವರ ಹಿಂದೆ ಹೋಗುವ ಸ್ವಾತಂತ್ರ್ಯವಿದೆ. ಮುಚ್ಚಿದ ಬಾಗಿಲ ಹಿಂದೆ ಎಂಟು ಗಂಟೆ ಒಂಟಿಯಾಗಿರುವ ಪ್ರಸಂಗವೇ ಅದಕ್ಕೆ ಬರುವುದು ಅಪರೂಪ. ನಗರದ ಮೂರನೆಯ ಮಹಡಿಯ ನಾಯಿಯ ಪಾಡು ಹಾಗಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಶಾಲೆ, ಕಾಲೇಜು, ಕಚೇರಿಗಳೆಲ್ಲ ಮುಚ್ಚಿದಾಗ ಎಷ್ಟೋ ಮನೆಗಳಿಗೆ ನಾಯಿಮರಿ ಬಂತು. ದಿನದ ಇಪ್ಪತ್ತನಾಲ್ಕು ಗಂಟೆ ಜನರ ನಡುವೆಯೇ ಬೆಳೆದ ಮರಿಗೆ ಒಂಟಿತನವೆಂಬುದು ಪರಿಚಯವೇ ಆಗಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಎದ್ದು ಹೊರಟರು. ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೊರಡುವ ನಿಮ್ಮಂಥವರ ಮನೆಯ ನಾಯಿಗೂ ಇಂಥದೇ ಸಂದರ್ಭ ಬರುತ್ತದೆ. ಯಾರ ಮಂಚದ ಕೆಳಗೆ ಮಲಗುತ್ತಿತ್ತೋ ಅವರೇ ಕಾಣೆಯಾಗುತ್ತಾರೆ.

ಇನ್ನು ಪರಿಹಾರಕ್ಕೆ ಬರೋಣ. ಮೊದಲ ಕೆಲಸ, ಇದು ನಿಜಕ್ಕೂ ಆತಂಕವೇ ಎಂದು ಖಚಿತಪಡಿಸಿಕೊಳ್ಳುವುದು. ಮೂತ್ರನಾಳದ ಸೋಂಕಿದ್ದರೂ ನಾಯಿ ಮನೆಯೊಳಗೆ ಮೂತ್ರ ಮಾಡಬಹುದು. ವಯಸ್ಸಾದ ನಾಯಿಗೆ ಅರಳುಮರಳಿನಂಥ ಸ್ಥಿತಿಯೂ ಬರುತ್ತದೆ. ಬರೀ ಬೇಸರಕ್ಕೆ ಚಪ್ಪಲಿ ಕಡಿಯುವ ನಾಯಿಗಳೂ ಇವೆ. ಆದ್ದರಿಂದ ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲೆ ಇಟ್ಟು, ನೀವು ಹೋದಮೇಲೆ ನಡೆಯುವುದನ್ನು ಚಿತ್ರೀಕರಿಸಿ. ಆತಂಕದ ನಾಯಿಯ ಗಲಾಟೆ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ, ಬಾಗಿಲು ಕಿಟಕಿಗಳ ಸುತ್ತಲೇ ಹೆಚ್ಚು ನಡೆಯುತ್ತದೆ. ಇಟ್ಟ ತಿಂಡಿಯನ್ನು ಮೂಸಿಯೂ ನೋಡುವುದಿಲ್ಲ. ಬೇಸರದ ನಾಯಿಯಾದರೋ ತಿಂಡಿ ಮುಗಿಸಿ, ಒಂದು ನಿದ್ದೆ ತೆಗೆದು, ಆಮೇಲೆ ಚಪ್ಪಲಿಗೆ ಕೈ ಹಾಕುತ್ತದೆ! ಈ ಚಿತ್ರವನ್ನು ಪಶುವೈದ್ಯರಿಗೆ ತೋರಿಸಿದರೆ ಅವರ ಅರ್ಧ ಕೆಲಸ ಹಗುರವಾದಂತೆ.

ಚಿಕಿತ್ಸೆಯ ತಿರುಳು ತಾಲೀಮು. ನೀವು ಹೊರಡುವಿರೆಂಬುದನ್ನು ನಾಯಿ ಬಹಳ ಮೊದಲೇ ಓದಿಕೊಂಡಿರುತ್ತದೆ. ಬೀಗದ ಕೈ ಗಲಗಲ ಎಂದಿತು, ಹೆಲ್ಮೆಟ್ ಕೆಳಗಿಳಿಯಿತು, ಊಟದ ಡಬ್ಬಿ ಚೀಲಕ್ಕೆ ಹೋಯಿತು. ಅಲ್ಲಿಂದಲೇ ಎದೆಬಡಿತ ಶುರು. ಆದ್ದರಿಂದ ದಿನಕ್ಕೆ ಹತ್ತಾರು ಸಲ ಸುಮ್ಮನೆ ಬೀಗದ ಕೈ ಎತ್ತಿಕೊಳ್ಳಿ, ಮತ್ತೆ ಕುಳಿತು ಪುಸ್ತಕ ಓದಿ. ಹೆಲ್ಮೆಟ್ ಹಾಕಿಕೊಂಡು ಕಾಫಿ ಕುಡಿಯಿರಿ. ನಿಮ್ಮ ತಂಗಿ ನಗಬಹುದು, ನಗಲಿ. ಕೆಲವು ದಿನಗಳಲ್ಲಿ ಆ ಸದ್ದುಗಳಿಗೆ ಅರ್ಥ ಉಳಿಯುವುದಿಲ್ಲ. ಆಮೇಲೆ ಬಾಗಿಲಾಚೆ ಹೋಗಿ ಐದೇ ಸೆಕೆಂಡಿಗೆ ಹಿಂದಿರುಗಿ. ನಾಯಿ ಶಾಂತವಾಗಿದ್ದರೆ ಹತ್ತು ಸೆಕೆಂಡು, ಮತ್ತೆ ಏಳು, ಮತ್ತೆ ಹದಿನೈದು. ಒಂದೇ ಸಮನೆ ಏರಿಸುತ್ತ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವಾಗುತ್ತದೆಂದು ನಾಯಿ ಕಂಡುಕೊಳ್ಳುತ್ತದೆ, ಏರಿಳಿತವಿರಲಿ. ನಿಯಮ ಒಂದೇ: ಭಯ ಹುಟ್ಟುವುದಕ್ಕೆ ಮೊದಲೇ ಮರಳಿ ಬರಬೇಕು. ಊಳಿಡುತ್ತಿರುವ ನಾಯಿಯನ್ನು 'ಅತ್ತು ಅತ್ತು ಸುಮ್ಮನಾಗಲಿ' ಎಂದು ಬಿಟ್ಟರೆ ಭಯ ಬಲಿಯುವ ಸಂಭವವೇ ಹೆಚ್ಚು. ಹಾಗಾಗಿ ತಾಲೀಮಿನ ದಿನಗಳಲ್ಲಿ ನಾಯಿಯನ್ನು ನಿಜವಾಗಿ ಒಂಟಿಯಾಗಿ ಬಿಡದಂತೆ ಅಜ್ಜಿಯನ್ನೋ, ಕೆಳಮನೆಯ ನಿವೃತ್ತ ಮೇಷ್ಟ್ರನ್ನೋ ಒಪ್ಪಿಸಿಕೊಳ್ಳಬೇಕಾಗುತ್ತದೆ. ಎಲ್ಲಕ್ಕಿಂತ ಕಷ್ಟದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಸೆಕೆಂಡುಗಳು ನಿಮಿಷಗಳಾಗಲು ವಾರಗಳು, ನಿಮಿಷಗಳು ಗಂಟೆಗಳಾಗಲು ತಿಂಗಳುಗಳು ಬೇಕಾದಾವು.

ಹೊರಡುವ ಮುನ್ನ ಒಳ್ಳೆಯ ನಡಿಗೆ ಸಹಾಯಕ. ಟೊಳ್ಳು ರಬ್ಬರಿನ ಆಟಿಕೆಯಲ್ಲಿ ಮೊಸರನ್ನ ತುಂಬಿ ಕೊಡುವುದೂ ಸೌಮ್ಯ ಸ್ವರೂಪದ ಆತಂಕದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ನಮ್ಮ ಮನೆಗಳಲ್ಲಿ ಮೊಸರನ್ನಕ್ಕೆ ದ್ರಾಕ್ಷಿ ಹಾಕುವ ರೂಢಿ ಉಂಟಲ್ಲ, ನಾಯಿಯ ಪಾಲಿಗೆ ಅದನ್ನು ಹಾಕಬೇಡಿ. ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ದಿಗಿಲಿನ ನಾಯಿಯನ್ನು ಪಂಜರದಲ್ಲಿ ಕೂಡಿಹಾಕುವುದಂತೂ ಅಪಾಯ. ಸರಳು ಕಚ್ಚಿ ಹಲ್ಲು ಮುರಿದುಕೊಂಡ, ಉಗುರು ಕಿತ್ತುಕೊಂಡ ನಾಯಿಗಳಿವೆ. ಜೊತೆಗಿರಲೆಂದು ಇನ್ನೊಂದು ನಾಯಿ ತರುವುದರಿಂದಲೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮೊದಲನೆಯದಕ್ಕೆ ಬೇಕಾಗಿರುವುದು ನೀವು.

ಈಗ ಮಾತ್ರೆಯ ಪ್ರಶ್ನೆ. ಮನುಷ್ಯರ ಖಿನ್ನತೆ ಮತ್ತು ಗೀಳುರೋಗಗಳಿಗೆ ಬಳಸುವ ಎರಡು ಔಷಧಗಳು ಇಲ್ಲಿ ಮುಖ್ಯ. ಕ್ಲೋಮಿಪ್ರಮೀನ್ ಎಂಬುದಕ್ಕೆ 1998ರಲ್ಲೂ, ಫ್ಲೂಆಕ್ಸಿಟೀನ್ ಎಂಬುದಕ್ಕೆ 2007ರಲ್ಲೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಾಯಿಗಳ ಅಗಲಿಕೆಯ ಆತಂಕಕ್ಕೆಂದೇ ಒಪ್ಪಿಗೆ ಕೊಟ್ಟಿತು. ಎರಡಕ್ಕೂ ಒಂದು ಷರತ್ತು: ತಾಲೀಮಿನ ಜೊತೆಯಲ್ಲಿ ಮಾತ್ರ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು, ಕೆಲಸ ಮುಗಿದ ಮೇಲೆ ಮತ್ತೆ ಹೀರಿಕೊಳ್ಳುತ್ತವೆ. ಈ ಮಾತ್ರೆಗಳು ಆ ಮರುಹೀರಿಕೆಯನ್ನು ತಡೆಯುತ್ತವೆ. ಪೂರ್ಣ ಪರಿಣಾಮ ಕಾಣಲು ನಾಲ್ಕರಿಂದ ಎಂಟು ವಾರ ಬೇಕಾಗಬಹುದು. ಅಂದು ಕೊಟ್ಟು ಅಂದೇ ಗುಣ ಕಾಣುವ ಮದ್ದು ಇದಲ್ಲ.

"ಮಾತ್ರೆ ಹಾಕಿ ನಾಯಿಯನ್ನು ಮಂಕು ಮಾಡುವುದೇ?" ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಿಂದೆ ಅಸಿಪ್ರೊಮಸೀನ್‌ನಂಥ ಮಂಪರು ಔಷಧಗಳನ್ನು ಕೊಡುವುದಿತ್ತು. ಅದರಿಂದ ಕೈಕಾಲು ಸೋಲುತ್ತದೆಯೇ ಹೊರತು ಭಯ ಹೋಗುವುದಿಲ್ಲ. ಇವು ಹಾಗಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ನಾಯಿ ಆಡುತ್ತದೆ, ಉಣ್ಣುತ್ತದೆ, ನಿಮ್ಮನ್ನು ಕಂಡು ಕುಣಿಯುತ್ತದೆ. ಮೊದಲ ದಿನಗಳಲ್ಲಿ ಹಸಿವು ಕಡಿಮೆಯಾಗುವುದು, ವಾಂತಿ, ಜಡತೆ ಕಾಣಬಹುದು. ಜಡತೆ ಹಾಗೇ ಮುಂದುವರಿದರೆ ವೈದ್ಯರಿಗೆ ತಿಳಿಸಬೇಕು.

ಮಾತ್ರೆಯಿಂದ ಎಷ್ಟು ಲಾಭ? ಫ್ಲೂಆಕ್ಸಿಟೀನ್‌ನ ಒಪ್ಪಿಗೆಗೆ ಮುನ್ನ ನಡೆದ ಎಂಟು ವಾರಗಳ ಪರೀಕ್ಷೆಯಲ್ಲಿ, ಮಾತ್ರೆ ಮತ್ತು ತಾಲೀಮು ಎರಡೂ ದೊರೆತ ನಾಯಿಗಳಲ್ಲಿ ಹತ್ತಕ್ಕೆ ಸುಮಾರು ಏಳು ಸುಧಾರಿಸಿದವು. ತಾಲೀಮು ಮಾತ್ರ ದೊರೆತವುಗಳಲ್ಲಿ ಸುಮಾರು ಅರ್ಧದಷ್ಟು ಸುಧಾರಿಸಿದವು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಮಾತ್ರೆಯಿಲ್ಲದೆ ಅರ್ಧದಷ್ಟು ನಾಯಿಗಳು ಚೇತರಿಸಿಕೊಳ್ಳಬಲ್ಲವು. ಆದ್ದರಿಂದ ಆತಂಕ ಸೌಮ್ಯವಾಗಿದ್ದು, ಮನೆಯಲ್ಲಿ ಯಾರಾದರೂ ಇರುವ ಅನುಕೂಲವಿದ್ದರೆ ತಾಲೀಮಿನಿಂದಲೇ ಆರಂಭಿಸುವುದು ಸರಿ. ಆದರೆ ಉಳಿದ ನಾಯಿಗಳ ಮಾತೇನು? ಬಾಗಿಲಾಚೆ ಐದು ಸೆಕೆಂಡೂ ತಡೆಯಲಾರದ ನಾಯಿಗೆ ತಾಲೀಮು ಎಲ್ಲಿಂದ ಶುರುಮಾಡುವುದು? ನೀರಿನಲ್ಲಿ ಮುಳುಗುತ್ತಿರುವವನಿಗೆ ಆ ಗಳಿಗೆಯಲ್ಲಿ ಈಜು ಕಲಿಸಲಾಗುವುದಿಲ್ಲ. ಮೊದಲು ಅವನ ತಲೆ ನೀರಿನ ಮೇಲೆ ಬರಬೇಕು. ಮಾತ್ರೆ ಮಾಡುವುದು ಅಷ್ಟೇ ಕೆಲಸ. ಗಾಯ ಮಾಡಿಕೊಳ್ಳುವ ನಾಯಿ, ಕಿಟಕಿಯಿಂದ ಹಾರಲು ನೋಡುವ ನಾಯಿ, ನಾಲ್ಕಾರು ವಾರ ಶ್ರದ್ಧೆಯಿಂದ ತಾಲೀಮು ಕೊಟ್ಟರೂ ಒಂದು ಹೆಜ್ಜೆ ಮುಂದೆ ಹೋಗದ ನಾಯಿ, ಇವುಗಳ ವಿಷಯದಲ್ಲಿ ಮಾತ್ರೆಯನ್ನು ಕೊನೆಯ ಅಸ್ತ್ರವೆಂದು ಬಚ್ಚಿಟ್ಟುಕೊಂಡು ಕೂರುವುದು ನನಗೆ ಸರಿಕಾಣುವುದಿಲ್ಲ. ಬೇಗ ಆರಂಭಿಸಿದರೆ ಅಷ್ಟರಮಟ್ಟಿಗೆ ಭಯದ ಅಭ್ಯಾಸ ತಪ್ಪುತ್ತದೆ. ಬೇರೆಯವರಿಗೆ ಕೊಟ್ಟುಬಿಟ್ಟರಂತೂ ನಾಯಿಗೆ ಇನ್ನೊಂದು ಅಗಲಿಕೆ ಸೇರುತ್ತದೆ, ಹೊಸ ಮನೆಯಲ್ಲೂ ಅದೇ ಕಥೆ.

ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ. ಅದು ನಾಯಿಯ ತೂಕ, ವಯಸ್ಸು, ಈಲಿ ಮೂತ್ರಪಿಂಡಗಳ ಸ್ಥಿತಿ ನೋಡಿ ಪಶುವೈದ್ಯರು ನಿರ್ಧರಿಸಬೇಕಾದದ್ದು. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ಮುರಿದು ಕೊಡುವ ಪ್ರಯೋಗ ಖಂಡಿತ ಬೇಡ. ಮನುಷ್ಯರ ಕೆಲವು ದ್ರವ ಔಷಧಗಳಲ್ಲಿ ಸಿಹಿಗಾಗಿ ಸೇರಿಸುವ ಜೈಲಿಟಾಲ್ ನಾಯಿಗೆ ವಿಷ. ನಾಯಿಗೆ ಹಿಂದೆ ಮೂರ್ಛೆ ಬಂದಿದ್ದರೆ ಮೊದಲೇ ಹೇಳಿ. ಇನ್ನೊಂದು ಮುಖ್ಯ ಮಾತು: ಮೈಗೆ ಹತ್ತುವ ಉಣ್ಣೆಗಳಿಗೆಂದು ನಮ್ಮಲ್ಲಿ ಅಮಿಟ್ರಾಜ್ ಎಂಬ ದ್ರಾವಣದಿಂದ ನಾಯಿಯ ಮೈ ತೊಳೆಯುವುದುಂಟು, ಆ ಔಷಧವಿರುವ ಕೊರಳಪಟ್ಟಿಯನ್ನೂ ಕಟ್ಟುವುದುಂಟು. ಅದರ ಜೊತೆ ಈ ಮಾತ್ರೆಗಳು ಸೇರಿದರೆ ಅಪಾಯ. ಹಾಗಾಗಿ ನಾಯಿಯ ಮೈಗೆ ಏನೇನು ಹಚ್ಚುತ್ತೀರಿ ಎಂಬುದನ್ನೂ ವೈದ್ಯರಿಗೆ ಬರೆದುಕೊಡಿ.

ನಾಯಿ ಹಲವು ತಿಂಗಳು ನೆಮ್ಮದಿಯಿಂದ ಒಂಟಿಯಾಗಿದ್ದ ಮೇಲೆ ಮಾತ್ರೆ ನಿಲ್ಲಿಸುವ ಆಲೋಚನೆ ಮಾಡಬಹುದು. ಒಮ್ಮೆಗೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ವಾರವಾರಕ್ಕೆ ಇಳಿಸುತ್ತ ಬರಬೇಕು. ಕೆಲವು ನಾಯಿಗಳಿಗೆ ಮತ್ತೆ ಬೇಕಾಗುತ್ತದೆ, ಕೆಲವಕ್ಕೆ ವರ್ಷಗಟ್ಟಲೆ ಬೇಕಾಗುತ್ತದೆ. ಮನೆ ಬದಲಾಯಿಸುವ ತಿಂಗಳು, ದೀಪಾವಳಿಯ ಪಟಾಕಿಯ ವಾರ, ನೀವು ಹಾಸ್ಟೆಲಿಗೆ ಹೊರಡುವ ದಿನಗಳು ಇದಕ್ಕೆ ತಕ್ಕ ಕಾಲವಲ್ಲ. ಮಾತ್ರೆ ಇಳಿಸುತ್ತಿರುವ ಆ ವಾರಗಳಲ್ಲಿ ಹಳೆಯ ಮೊಬೈಲನ್ನು ಮತ್ತೆ ಕಪಾಟಿನ ಮೇಲೆ ಇಡಿ. ಮೊದಲ ಅರ್ಧ ಗಂಟೆಯ ಚಿತ್ರ ನೋಡಿ, ನಾಯಿ ಎಲ್ಲಿ ಮಲಗಿತ್ತು, ಎಷ್ಟು ಸಲ ಬಾಗಿಲಿಗೆ ಹೋಯಿತು, ಇಟ್ಟ ತಿಂಡಿಯನ್ನು ಯಾವಾಗ ತಿಂದಿತು ಎಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ.