ಒಣಗಿ ಗಡುಸಾದ ಚೀಸು



ಚೀಸು ಎಂಬ ಪದಕ್ಕೆ ನಮ್ಮ ನಿಘಂಟುಕಾರರು ‘ಗಿಣ್ಣು’ ಎಂದು ಅರ್ಥ ಬರೆದುದುಂಟು. ಮಲಪ್ರಭೆಯ ದಡದ ಮುನವಳ್ಳಿಯಲ್ಲಿ ಯಾವ ಗೃಹಿಣಿಯೂ ಈ ಅರ್ಥವನ್ನು ಒಪ್ಪಲಾರಳು. ಗಿಣ್ಣವೆಂದರೆ ಎಮ್ಮೆ ಈದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಬೇಯಿಸಿದುದು. ಅದು ಕಾವು ತಗುಲಿದೊಡನೆ ತಾನಾಗಿಯೇ ಗಟ್ಟಿಯಾಗುವುದು; ಬಹಳ ದಿನ ಇಡುವ ಪದಾರ್ಥವೂ ಅಲ್ಲ. ಚೀಸಾದರೋ ಹಾಲನ್ನು ಹುಳಿಯೇರಿಸಿ, ರೆನ್ನೆಟ್ಟೆಂಬ ದ್ರವ್ಯದಿಂದ ಗರಣೆಗಟ್ಟಿಸಿ, ನೀರನ್ನು ಹಿಂಡಿ, ಉಪ್ಪು ಹಾಕಿ, ತಿಂಗಳುಗಟ್ಟಲೆ ಮಾಗಿಸಿದ ವಸ್ತು. ಒಂದು ಕಿಲೋಗ್ರಾಂ ಗಟ್ಟಿ ಚೀಸಿಗೆ ಸುಮಾರು 10 ಲೀಟರು ಹಸುವಿನ ಹಾಲು ಬೇಕು. ಹಾಗಾದರೆ ಒಣಗಿತೆಂದು ತಿಪ್ಪೆಗೆ ಎಸೆದ 100 ಗ್ರಾಂ ತುಂಡಿನೊಡನೆ ಒಂದು ಲೀಟರು ಹಾಲು ಹೋದಂತಾಯಿತು. ಹೈನಿನಿಂದ ಹೊಟ್ಟೆ ಹೊರೆಯುವ ಊರಿನಲ್ಲಿ ಇದು ಸಣ್ಣ ಲೆಕ್ಕವಲ್ಲ.

ಶಾಕಾಹಾರಿಗಳ ಸಂದೇಹವೊಂದನ್ನು ಇಲ್ಲಿಯೇ ಪರಿಹರಿಸುವುದು ಒಳ್ಳೆಯದು. ರೆನ್ನೆಟ್ಟನ್ನು ಹಿಂದೆ ಎಳಗರುವಿನ ಜಠರದಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ಪಡೆದುದೂ ಬಳಕೆಯಲ್ಲಿದೆ. ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸುರು ಬೊಟ್ಟನ್ನು ನೋಡಿಕೊಂಡರೆ ಸಾಕು.

ಇನ್ನು ಒಣಗುವ ವಿಚಾರ. ಪೊಟ್ಟಣ ಬಿಚ್ಚಿದ ಚೀಸಿನ ನೀರಿನಂಶವನ್ನು ಬೇಸಗೆಯ ಗಾಳಿಯೂ ಹೀರುವುದು, ಶೀತಪೆಟ್ಟಿಗೆಯೊಳಗಣ ಗಾಳಿಯೂ ಹೀರುವುದು. ಅಂಚು ಮೊದಲು ಕೊಂಬಿನಂತೆ ಗಾಜುಗಾಜಾಗಿ ಬಿರುಸಾಗುವುದು. ಮುನವಳ್ಳಿಯವರಿಗೆ ಒಣಗಿದುದರ ಭಯವಿಲ್ಲ. ಅವರು ಜೋಳದ ರೊಟ್ಟಿಯನ್ನು ಬೇಕೆಂದೇ ಖಡಕ್ಕಾಗಿಸಿ ಅಡಕಲಿಟ್ಟು, ಬೇಕಾದಾಗ ಸಾರಿನಲ್ಲಿಯೋ ಮಜ್ಜಿಗೆಯಲ್ಲಿಯೋ ಮುರಿದು ನೆನಸಿ ಉಣ್ಣುವರು. ಆದರೆ ರೊಟ್ಟಿಯ ಉಪಾಯವು ಚೀಸಿಗೆ ಪೂರ್ತಿಯಾಗಿ ಒಗ್ಗದು. ರೊಟ್ಟಿಯ ಹಿಟ್ಟು ನೀರನ್ನು ಕುಡಿಯುವುದು. ಚೀಸಿನಲ್ಲಿಯೋ ಕೊಬ್ಬು ಅಡ್ಡ ನಿಂತಿರುವುದರಿಂದ, ಇಡಿಯ ತುಂಡನ್ನು ನೀರಿನಲ್ಲಿ ಮುಳುಗಿಸಿದರೆ ಹೊರಮೈ ಲೋಳೆಯಾಗುವುದಲ್ಲದೆ ಒಳಗು ಮೆತ್ತಗಾಗದು.

ಮಾಡತಕ್ಕುದೇನೆಂದರೆ, ತುರಿಯುವುದು. ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದ ಗಡಸು ಚೀಸು ಹೊಸದಕ್ಕಿಂತ ಹಗುರವಾಗಿ ಉದುರುವುದು. ಇಟಲಿಯವರು ತುರಿದು ಬಡಿಸುವುದಕ್ಕೆಂದೇ ವರ್ಷಕ್ಕೂ ಮಿಕ್ಕಿ ಮಾಗಿಸುವ ಪಾರ್ಮೆಸಾನ್ ಚೀಸಿನ ಗುಣ ಇದೇ. ಈ ತುರಿಯನ್ನು ಬಿಸಿ ರೊಟ್ಟಿಯ ಮೇಲೆ ಉದುರಿಸಿ ಮೆಣಸಿನಕಾಯಿಯ ರಂಜಕದೊಡನೆ ಮಡಿಸಬಹುದು, ಉಪ್ಪಿಟ್ಟಿಗೆ ಇಳಿಸುವ ಮುನ್ನ ಬೆರೆಸಬಹುದು. ಅದರಲ್ಲಿ ಉಪ್ಪು ಮೊದಲೇ ಇರುವುದರಿಂದ ಅಡಿಗೆಗೆ ಉಪ್ಪನ್ನು ಕೈಹಿಡಿದು ಹಾಕಬೇಕು. ಕರಗಿಸುವುದಾದರೆ ಒಂದು ಬಟ್ಟಲು ಹಾಲಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿ, ಒಲೆಯಿಂದ ಇಳಿಸಿ, ತುರಿಯನ್ನು ಹಿಡಿಹಿಡಿಯಾಗಿ ಕೂಡಿಸುತ್ತ ಕಲಕಬೇಕು. ಆತುರಪಟ್ಟು ಚೀಸನ್ನೇ ಕುದಿಸಿದವರಿಗೆ ನಾರುನಾರಾದ ಮುದ್ದೆಯೊಂದೆಡೆ, ತೇಲುವ ಎಣ್ಣೆಯೊಂದೆಡೆ ಉಳಿಯುವುದು. ಮೇಣ ಸವರದ ಗಟ್ಟಿ ಸಿಪ್ಪೆಯನ್ನು ಬೇಳೆಯ ಸಾರಿನಲ್ಲಿ ಕುದಿಸಿ ತೆಗೆದುಬಿಟ್ಟರೆ ಸಾರಿಗೆ ರುಚಿ ಏರುವುದು.

ಪನೀರಿನ ಮಾತು ಬೇರೆ. ಇದು ಹುಳಿಯಿಂದ ಒಡೆದ ಹಾಲು, ಕಾಸಿದರೆ ಕರಗದು. ಆದರೆ ಗಡುಸಾದ ಪನೀರನ್ನು ಕತ್ತರಿಸಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಹದಿನೈದು ನಿಮಿಷ ಇಟ್ಟರೆ ಮೆತ್ತಗಾಗುವುದು.

ಬೂಷ್ಟಿನ ವಿಷಯದಲ್ಲಿ ಉಳಿತಾಯದ ಹಟ ಸಲ್ಲದು. ಗಟ್ಟಿ ಚೀಸಿನ ತುಂಡಾದರೆ ಬೂಷ್ಟಿನ ಸುತ್ತಲೂ ಕೆಳಗೂ ಒಂದು ಅಂಗುಲ ಕೊಯ್ದು ತೆಗೆದು ಉಳಿದುದನ್ನು ಬಳಸಬಹುದು. ಚಾಕು ಬೂಷ್ಟಿಗೆ ತಾಗಬಾರದು. ಪನೀರು, ಮೆದು ಚೀಸು, ತುರಿದಿಟ್ಟ ಚೀಸುಗಳಿಗೆ ಅದು ಹಿಡಿದರೆ ಅವನ್ನು ಪೂರ್ತಿ ಎಸೆಯಲೇಬೇಕು. ಬಹಳ ಮಾಗಿದ ಚೀಸಿನಲ್ಲಿ ಹಲ್ಲಿಗೆ ಗರಗರನೆ ಸಿಕ್ಕುವ ಬಿಳಿಯ ಹರಳುಗಳು ಮಾತ್ರ ಬೂಷ್ಟಲ್ಲ; ಮಾಗುವಾಗ ತಾವಾಗಿ ಹುಟ್ಟಿದವು, ತಿನ್ನಬಹುದು.

ಉಳಿದ ತುಂಡನ್ನು ಎಣ್ಣೆಕಾಗದದಲ್ಲಿ ಸುತ್ತಿ, ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಶೀತಪೆಟ್ಟಿಗೆಯಲ್ಲಿ ತರಕಾರಿಯಿಡುವ ಕೆಳಗಣ ಅರೆಯಲ್ಲಿ ಇಡಿರಿ. ಅಲ್ಲಿ ಗಾಳಿ ಅಷ್ಟು ಒಣಗಿರುವುದಿಲ್ಲ.