ಹೊಸ ತೊಟ್ಟಿಯ ಮೀನು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣ)

ವಿಜ್ಞಾನದ ಬಗ್ಗೆ ನಾಲ್ಕು ಮಾತು ಹೇಳು ಎಂದು ಮೇಷ್ಟ್ರು ಹೇಳಿದ್ದಾರೆ. ಓದಿದ್ದು ಬಿ.ಇ., ಮಾಡುವ ಕೆಲಸ ಸಾಫ್ಟ್‌ವೇರ್. ಆದರೂ ಕಂಪ್ಯೂಟರ್ ಬಿಟ್ಟು ಇಂದು ಒಂದು ಮೀನಿನ ವಿಷಯ ಹೇಳುತ್ತೇನೆ.

ಅದರ ಹೆಸರು ಜೀಬ್ರಾ ಮೀನು. ಕಿರುಬೆರಳಿಗಿಂತ ಚಿಕ್ಕದು, ಮೈಮೇಲೆ ನೀಲಿ ಪಟ್ಟೆ. ನಮ್ಮ ದೇಶದ ಹಳ್ಳ, ಗದ್ದೆಗಳ ನೀರಿನಲ್ಲೇ ಬದುಕುವ ಜಾತಿ. 1800ರಲ್ಲಿ ಮೈಸೂರು ಸೀಮೆ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಹೆಸರನ್ನು ನೀವು ಕೇಳಿರಬಹುದು. ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡ ಅವರೇ 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ವರ್ಣಿಸಿದರು. ಮನುಷ್ಯನ ಜೀನ್‌ಗಳಲ್ಲಿ ಶೇಕಡಾ 70ರಷ್ಟಕ್ಕೆ ಈ ಮೀನಿನಲ್ಲಿ ಸಾಟಿಯಿದೆ. ಹಾಗಾಗಿ ವಿಜ್ಞಾನಿಗಳಿಗೆ ಇದು ಅಚ್ಚುಮೆಚ್ಚು.

ಹೆದರಿಕೆಯಾದಾಗ ಮಿದುಳು ಪಿಟ್ಯುಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಹೊರಟ ಸಂದೇಶದಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ನಮ್ಮಲ್ಲಿ ಅದು ಬರುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ. ಮೀನಿನಲ್ಲಿ ಮೂತ್ರಪಿಂಡದ ತಲೆಭಾಗದ ಜೀವಕೋಶಗಳಿಂದ. ಕಾರ್ಟಿಸಾಲ್ ಶತ್ರುವಲ್ಲ. ಕಷ್ಟ ಎದುರಿಸಲು ಮೈಗೆ ಶಕ್ತಿ ಒದಗಿಸುವುದೇ ಅದು. ಆದರೆ ಸಾಕಾದಾಗ ನಿಲ್ಲಬೇಕು. ಟ್ಯಾಂಕ್ ತುಂಬಿದೊಡನೆ ಮೋಟರ್ ಆಫ್ ಮಾಡುವ ಫ್ಲೋಟ್ ಸ್ವಿಚ್ ಇದೆಯಲ್ಲ, ಮಿದುಳಿನಲ್ಲೂ ಅಂಥದ್ದೊಂದು ಗ್ರಾಹಕವಿದೆ. ಅದು ಕಾರ್ಟಿಸಾಲನ್ನು ಗುರುತಿಸಿ 'ಸಾಕು' ಎನ್ನುತ್ತದೆ.

ಹುಟ್ಟಿನಿಂದಲೇ ಆ ಸ್ವಿಚ್ ಕೆಟ್ಟಿರುವ ಜೀಬ್ರಾ ಮೀನುಗಳ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವುಗಳ ಮೈಯಲ್ಲಿ ಕಾರ್ಟಿಸಾಲ್ ಹೆಚ್ಚು. ಹೊಸ ತೊಟ್ಟಿಗೆ ಬಿಟ್ಟರೆ ಬೇರೆ ಮೀನುಗಳು ಸ್ವಲ್ಪ ಹೊತ್ತಿಗೆ ಓಡಾಡುತ್ತವೆ. ಇವು ಅಲ್ಲಾಡದೆ ನಿಂತುಬಿಡುತ್ತವೆ. ಮತ್ತೆ ಮತ್ತೆ ಬಿಟ್ಟರೂ ರೂಢಿಯಾಗುವುದಿಲ್ಲ. ಮಿದುಳಿನ ಸೆರಟೋನಿನ್ ಮೇಲೆ ಕೆಲಸ ಮಾಡುವ, ಮನುಷ್ಯರ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಔಷಧವನ್ನು ನೀರಿಗೆ ಬೆರೆಸಿದಾಗ ಅವು ಈಜಿದವು. ಇನ್ನೊಂದು ಉಪಾಯದಿಂದಲೂ ಸುಧಾರಿಸಿದವು: ತಮ್ಮ ಜಾತಿಯ ಬೇರೆ ಮೀನನ್ನು ಕಣ್ಣಿಂದ ನೋಡಿದ್ದು, ಅಷ್ಟೇ!

ಮೀನು ಮನುಷ್ಯನಲ್ಲ, ನಿಜ. ಕಾಯಿಲೆಗೆ ವೈದ್ಯರೇ ಬೇಕು. ಆದರೂ ಇದನ್ನು ಓದಿದಾಗ ನನಗೆ ನಮ್ಮ ಬ್ಯಾಚ್ ನೆನಪಾಯಿತು. ಇಲ್ಲಿ ಕನ್ನಡದಲ್ಲಿ ಕಲಿತು ಪಟ್ಟಣದ ಕಾಲೇಜಿಗೆ ಹೋದಾಗ, ಉತ್ತರ ಗೊತ್ತಿದ್ದರೂ ನನಗೆ ಬಾಯಿ ಬಿಡಲಾಗುತ್ತಿರಲಿಲ್ಲ. ಅದೇ ಬೆಂಚಿನಲ್ಲಿ ನಮ್ಮ ಶಾಲೆಯ ಇನ್ನೊಬ್ಬನಿದ್ದ, ಹೇಗೋ ಉಳಿದುಕೊಂಡೆ. ಬೇರೊಂದು ಊರಿಗೆ ಒಬ್ಬನೇ ಹೋದ ಗೆಳೆಯ ದೀಪಾವಳಿಗೆ ಬಂದವನು ಮರಳಿ ಹೋಗಲಿಲ್ಲ. ಲೆಕ್ಕದಲ್ಲಿ ಅವನು ನನಗಿಂತ ಮುಂದಿದ್ದ. 'ಪುಕ್ಕಲ' ಎಂದರು ಜನ.

ಹಿರಿಯರಲ್ಲಿ ನನ್ನ ವಿನಂತಿ: ಹಾಗೆ ಮರಳಿ ಬಂದ ಮಗುವನ್ನು ಪುಕ್ಕಲ ಅನ್ನಬೇಡಿ. ಹಳೆಯ ವಿದ್ಯಾರ್ಥಿಗಳೇ, ನಾವು ಬಹುಮಾನ, ಬೆಂಚು ಕೊಡುವುದು ಸರಿಯೇ. ಅದರ ಜೊತೆಗೆ ಯಾವ ಊರಲ್ಲಿ ನಮ್ಮವರು ಯಾರಿದ್ದಾರೆ ಎಂಬ ಪಟ್ಟಿ ಮಾಡಿ ಶಾಲೆಯಲ್ಲಿಡೋಣ. ಈ ಜೂನ್‌ನಲ್ಲಿ ಇಲ್ಲಿಂದ ಹೊರಡುವ ಪ್ರತಿ ಮಗುವನ್ನೂ ಮೊದಲ ವಾರವೇ ಹೋಗಿ ಮಾತಾಡಿಸೋಣ. ನನ್ನ ಹೆಸರು ಬೆಂಗಳೂರಿನ ಪಟ್ಟಿಯಲ್ಲಿ ಮೊದಲು ಬರೆಯಿರಿ.